ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತ ಅಲ್ಲ: ನೇತ್ರಾಣಿ ಬಗ್ಗೆ ಒಂದು ಬಹಿರಂಗ ಪತ್ರ

ಪ್ರವಾಸೋದ್ಯಮ ಇಲಾಖೆಯ ಮತ್ತು ಉತ್ತರ ಕನ್ನಡ ಜಿಲ್ಲಾಡಳಿತದ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ. ನಾನು ಶಿರಸಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರ್. ವಯಸ್ಸು 46. ಮೂವತ್ತೇಳಕ್ಕೆ ಅಂಡಮಾನಿನ ಹ್ಯಾವ್ಲಾಕ್‌ನಲ್ಲಿ, ಈಗಿನ ಸ್ವರಾಜ್ ದ್ವೀಪದಲ್ಲಿ, ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದನ್ನು, ಕಲಿತೆ. ಅಲ್ಲಿಂದ ಈಚೆಗೆ ನಮ್ಮ ನೇತ್ರಾಣಿ ದ್ವೀಪಕ್ಕೇ ಹನ್ನೊಂದು ಸಲ ಹೋಗಿದ್ದೇನೆ. ಅಡಿಕೆ ಕೊಯ್ಲಿನ ಹೊತ್ತಿಗೆ ಸರಿಯಾಗಿ ಇವಳಿಗೆ ಸಮುದ್ರದ ಹುಚ್ಚು ಹಿಡಿಯುತ್ತದೆ ಅಂತ ಮನೆಯಲ್ಲಿ ಬೈಯುತ್ತಾರೆ. ಏನು ಮಾಡುವುದು, ನೀರು ತಿಳಿಯಾಗುವುದೂ ಅದೇ ಡಿಸೆಂಬರ್, ಜನವರಿಯಲ್ಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೈವಿಂಗ್ ನಿಲ್ಲಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಎಲ್ಲಾದರೂ ಏನಾದರೂ ಆದ ಕೂಡಲೇ ಬಂದ್ ಮಾಡಿ ಎನ್ನುವುದು, ಆರು ತಿಂಗಳು ಕಳೆದ ಮೇಲೆ ಎಲ್ಲ ಯಥಾಪ್ರಕಾರ ನಡೆಯುವುದು, ಇದನ್ನು ಸಾಕಷ್ಟು ನೋಡಿದ್ದೇವೆ. ನಾನು ಕೇಳುವುದು ಎರಡೇ. ಮೊದಲ ಸಲ ನೀರಿಗಿಳಿಯುವವರಿಗೆ ದೋಣಿ ಹತ್ತುವ ಮುಂಚೆ ಒಂದು ಗಂಟೆ ಕಲಿಸಿ. ನೇತ್ರಾಣಿಯ ಸುತ್ತ ದೋಣಿ ಕಟ್ಟಿಕೊಳ್ಳಲು ಕಾಯಂ ಬೋಯ್, ಅಂದರೆ ತಳಕ್ಕೆ ಬಿಗಿದ ತೇಲುಗುಂಡು, ಹಾಕಿಸಿ.

ನೇತ್ರಾಣಿ ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಭಟ್ಕಳ ತಾಲ್ಲೂಕು. ದೋಣಿಯಲ್ಲಿ ಒಂದು, ಒಂದೂವರೆ ತಾಸು. ಹೊರಟ ಮೇಲೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರೆ 123 ಅಡಿಯ ಶಿವ ಗೊಂಬೆಯಷ್ಟಾಗುತ್ತಾನೆ, ಆಮೇಲೆ ಇಪ್ಪತ್ತು ಅಂತಸ್ತಿನ ಗೋಪುರ ಒಂದು ಕಡ್ಡಿಯಂತೆ ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಲಕ್ಷದ್ವೀಪದ ಹಾಗೆ ಇಡೀ ದ್ವೀಪವೇ ಹವಳದಿಂದ ಆದದ್ದಲ್ಲ. ಇದು ಕಡಿದಾದ ಕಲ್ಲಿನ ಗುಡ್ಡ. ಮೇಲೆ ಕಾಡು, ಕಾಡು ಬಿದ್ದ ಆಡುಗಳು, ಕಡಲ ಹದ್ದಿನ ಗೂಡು. ಗುಡ್ಡದ ಬುಡದಲ್ಲಿ ನೀರೊಳಗೆ ಉರುಳಿಬಿದ್ದ ಬಂಡೆಗಳಿವೆ. ಆ ಬಂಡೆಗಳ ಮೇಲೆ ಹವಳ ಕೂತಿದೆ.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇಲ್ಲ. ಕೆಲವು ಕಡೆ ಆರೇಳು ಮೀಟರಿಗೇ ತಳ ಸಿಗುತ್ತದೆ. ತೀರದಿಂದ ದೂರ ಇರುವುದರಿಂದ ಹೊಳೆಗಳ ಕೆಸರು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಒಳ್ಳೆಯ ದಿನ ದೋಣಿಯ ಮೇಲೆ ನಿಂತರೆ ಕೆಳಗಿನ ಬಂಡೆ ಕಾಣುತ್ತದೆ. ಬೆಚ್ಚಗಿನ ನೀರು. ಚಿಟ್ಟೆಮೀನು ಜೋಡಿ ಜೋಡಿಯಾಗಿ ಹೋಗುತ್ತಿರುತ್ತವೆ. ಉಸಿರು ಬಿಡುವ ಗುಳ್ಳೆಯ ಸದ್ದು ಒಂದು ಕ್ಷಣ ನಿಂತಾಗ ಕಿವಿಗೊಟ್ಟರೆ ಕರಕರ ಅಂತ ಏನೋ ಅಗಿಯುವುದು ಕೇಳುತ್ತದೆ. ಅದು ಗಿಳಿಮೀನು ಹವಳ ಕೆರೆದು ತಿನ್ನುವ ಸದ್ದು. ಚಕ್ಕುಲಿ ತಿಂದ ಹಾಗೇ ಇರುತ್ತದೆ. ನನ್ನ ಕೈಯಲ್ಲಿ ಯಾವಾಗಲೂ ಇರುವ ಕೆಂಪು ದಾರ ಅಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಯಾಕೆಂದರೆ ನೀರು ಮೊದಲು ನುಂಗುವುದು ಕೆಂಪನ್ನೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ಬೆಳಕಿನ ಪಾಠ ಮಾಡುವಾಗ ಪ್ರತಿ ವರ್ಷ ಇದನ್ನು ಹೇಳುತ್ತೇನೆ. ಒಬ್ಬರೂ ನಂಬುವುದಿಲ್ಲ.

ಈಗ ಕಳೆದ ಸೀಸನ್ನಿನ ಕಥೆ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ಹಾಕಿ ಮುಗಿಸುವ ವಿಷಯ ಅಲ್ಲ ಇದು.

ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹತ್ತೊಂಬತ್ತು ವರ್ಷ. ನಾನು ವರ್ಷವಿಡೀ ಕೊರೆದಿದ್ದರಿಂದಲೇ ಇರಬೇಕು, ಗೆಳೆಯರನ್ನು ಕಟ್ಟಿಕೊಂಡು ಹೊರಟ. ತಲೆಗೆ ಐದು ಸಾವಿರದ ಚಿಲ್ಲರೆ ಕೊಟ್ಟಿದ್ದರು. ನನಗೆ ಶಾಲೆಯ ರಜೆ ಸಿಗಲಿಲ್ಲ, ಹೋಗಲಿಲ್ಲ. ಅದೇ ನನ್ನ ಹೊಟ್ಟೆಯಲ್ಲಿ ಈಗಲೂ ಕುಟುಕುತ್ತದೆ.

ಬೆಳಗ್ಗೆ ದಡದಲ್ಲಿ ಎರಡು ಪುಟದ ಫಾರ್ಮ್ ಕೊಟ್ಟರು, ಪೂರಾ ಇಂಗ್ಲಿಷಿನಲ್ಲಿ. ಒಬ್ಬನ ಬೆನ್ನ ಮೇಲಿಟ್ಟು ಇನ್ನೊಬ್ಬ ಸಹಿ ಮಾಡಿದ. ಅಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿ ಮೂಗಿನ ತೊಂದರೆ ಇದೆಯಾ ಅಂತ ಕೇಳುವ ಫಾರ್ಮ್ ಅದು. ನಮ್ಮ ಹುಡುಗನಿಗೆ ಎರಡು ದಿನದಿಂದ ನೆಗಡಿ. ಬರೆದರೆ ಬಿಟ್ಟು ಹೋಗುತ್ತಾರೆ, ಕೊಟ್ಟ ದುಡ್ಡೂ ಹೋಗುತ್ತದೆ ಅಂತ ಎಲ್ಲದಕ್ಕೂ ‘ನೋ’ ಅಂತ ಗೀಚಿದ. ಇದರಲ್ಲಿ ಅವನ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ‘ನೆಗಡಿ ಇದ್ದರೆ ಇಳಿಯಬೇಡಿ, ಇನ್ನೊಂದು ದಿನ ಬನ್ನಿ, ದುಡ್ಡು ಹೋಗುವುದಿಲ್ಲ’ ಅಂತ ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಬರೆಯುತ್ತಿದ್ದನೋ ಏನೋ.

ಹೇಳಿಕೊಟ್ಟಿದ್ದು ದೋಣಿಯಲ್ಲಿ, ದ್ವೀಪದ ಹತ್ತಿರ ಹೋದ ಮೇಲೆ. ಹತ್ತು ನಿಮಿಷ. ಆ ಹೊತ್ತಿಗೆ ದೋಣಿ ಅಲೆಗೆ ತೂಗುತ್ತಿತ್ತು, ಡೀಸೆಲ್ ವಾಸನೆ, ಬೆಳಗ್ಗೆ ತಿಂದ ಇಡ್ಲಿಯನ್ನು ಇಬ್ಬರು ಆಗಲೇ ಸಮುದ್ರಕ್ಕೆ ಒಪ್ಪಿಸಿದ್ದರು. ಬೆರಳು ಉಂಗುರದ ಹಾಗೆ ಹಿಡಿದರೆ ಓಕೆ. ಅಂಗೈ ಅಲ್ಲಾಡಿಸಿದರೆ ತೊಂದರೆ. ಹೆಬ್ಬೆರಳು ಮೇಲೆ ಎತ್ತಿದರೆ ‘ಮೇಲೆ ಹೋಗೋಣ’. ಇಷ್ಟನ್ನು ಹುಡುಗ ಸರಿಯಾಗಿಯೇ ಕೇಳಿಸಿಕೊಂಡಿದ್ದ. ಕಿವಿ ಬಿಗಿದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು ಅನ್ನುವುದನ್ನೂ ಹೇಳಿದ್ದರು. ಆದರೆ ಒಮ್ಮೆಯೂ ನೀರಲ್ಲಿ ಮಾಡಿಸಿ ನೋಡಿರಲಿಲ್ಲ.

ಒಬ್ಬ ಗೈಡ್ ಇಬ್ಬರು ಹೊಸಬರ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು ಇಳಿಸಿದ. ಮೂರು ಮೀಟರಿಗೇ ಇವನ ಕಿವಿ ನೋಯಲು ಶುರು. ಊದಿದ, ಗಾಳಿ ಹೋಗಲಿಲ್ಲ. ನೆಗಡಿ ಕಟ್ಟಿತ್ತಲ್ಲ. ಹೆಬ್ಬೆರಳು ಎತ್ತಿದ. ಮುಂದಿದ್ದ ಕ್ಯಾಮೆರಾದವನು ತಾನೂ ಹೆಬ್ಬೆರಳು ಎತ್ತಿ ತೋರಿಸಿದ. ಗೈಡ್ ಇನ್ನೂ ಕೆಳಗೆ ಒಯ್ದ. ಇವನು ಇನ್ನೊಮ್ಮೆ ಎತ್ತಿದ. ಮತ್ತೊಮ್ಮೆ ಎತ್ತಿದ.

ಈ ಮೂರು ಸಲವೂ ವೀಡಿಯೋದಲ್ಲಿದೆ. ಪ್ಯಾಕೇಜಿನ ಜೊತೆ ಫ್ರೀ ಕೊಡುತ್ತಾರಲ್ಲ, ಹಿಂದೆ ಜೋರು ಮ್ಯೂಸಿಕ್ ಹಾಕಿ, ಅದರಲ್ಲಿ. ವಾಟ್ಸ್ಯಾಪ್‌ನಲ್ಲಿ ಮನೆ ಗುಂಪಿಗೆ ಬಂದಾಗ ನಮ್ಮ ಅಮ್ಮ ‘ಎಷ್ಟು ಖುಷಿಯಾಗಿದ್ದಾನೆ ನೋಡು’ ಅಂದರು. ನನಗೆ ಕೈಕಾಲು ತಣ್ಣಗಾಯಿತು. ಮಾಸ್ಕಿನ ಹಿಂದಿನ ಕಣ್ಣು ನೋಡಿದರೆ ಯಾರಿಗಾದರೂ ತಿಳಿಯಬೇಕಿತ್ತು.

ಮೇಲೆ ಬಂದು ಮಾಸ್ಕ್ ತೆಗೆದಾಗ ಮೂಗಿನಿಂದ ರಕ್ತ. ಹುಬ್ಬಳ್ಳಿಯ ಕಿವಿ-ಮೂಗಿನ ಡಾಕ್ಟರು ಎಡಗಿವಿಯ ತಮಟೆಯಲ್ಲಿ ತೂತು ಬಿದ್ದಿದೆ ಅಂದರು. ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಈಗ ಆರಾಮಿದ್ದಾನೆ.

ಮುಂದಿನ ವಾರ ನಾನು ಆ ಗೈಡನ್ನು ಹುಡುಕಿಕೊಂಡು ಹೋದೆ. ಜಗಳಕ್ಕೆ ಅಂತಲೇ ಹೋಗಿದ್ದೆ. ನೋಡಿದರೆ ಅವನೂ ಚಿಕ್ಕ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬೇಕು, ಅಲ್ಲಿಯದೇ ಮೀನುಗಾರರ ಮನೆಯವನು. ತಲೆ ತಗ್ಗಿಸಿ ಹೇಳಿದ: “ಎಲ್ಲರೂ ವೀಡಿಯೋಗೆ ಹೆಬ್ಬೆರಳು ಎತ್ತುತ್ತಾರೆ ಮೇಡಂ. ದಿನಕ್ಕೆ ಹತ್ತಿಪ್ಪತ್ತು ಸಲ ನೋಡುತ್ತೇನೆ. ಇವನೂ ಹಾಗೇ ಅಂದುಕೊಂಡೆ.” ಆ ದಿನ ಅವನು ಎಷ್ಟು ಸಲ ಇಳಿದಿದ್ದ ಅಂತ ಕೇಳಿದೆ. ಇವನದು ಆರನೆಯದು. ನನಗೆ ಜಗಳಾಡಲು ಏನೂ ಉಳಿಯಲಿಲ್ಲ. ಇಬ್ಬರೂ ಚಹಾ ಕುಡಿದು ಬಂದೆವು.

ಸಾಹೇಬರೇ, ಇಡೀ ಜಗತ್ತಿನಲ್ಲಿ ಡೈವ್ ಮಾಡುವವರೆಲ್ಲ ಒಪ್ಪಿಕೊಂಡ ಒಂದು ಸನ್ನೆ ಇದು. ‘ನನ್ನನ್ನು ಮೇಲೆ ಕರೆದುಕೊಂಡು ಹೋಗು’ ಅನ್ನಲು ಇರುವುದು ಇದೊಂದೇ. ಅದರ ಅರ್ಥವೇ ಅಲ್ಲಿ ಸವೆದು ಹೋಗಿದೆ. ಕ್ಯಾಮೆರಾದವರು ಹೊಸಬರನ್ನು ನಗಿಸಲು ತಾವೇ ಹೆಬ್ಬೆರಳು ಎತ್ತುವುದನ್ನು ನಾನೂ ಕಂಡಿದ್ದೇನೆ. ಇದನ್ನು ಸರಿ ಮಾಡಲು ಒಂದು ರೂಪಾಯಿ ಖರ್ಚಿಲ್ಲ.

‘ಕಡಿಮೆ ಆಳ, ಏನೂ ಆಗುವುದಿಲ್ಲ’ ಅಂತ ಹೇಳಿ ಧೈರ್ಯ ಕೊಡುತ್ತಾರಲ್ಲ, ಅದು ಅರ್ಧ ನಿಜ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ. ಇನ್ನೂ ಹತ್ತು ಇಳಿದರೆ ಮೂರು ಪಟ್ಟು. ಅಂದರೆ ಒತ್ತಡ ದುಪ್ಪಟ್ಟಾಗುವುದು ಮೊದಲ ಹತ್ತು ಮೀಟರಿನಲ್ಲೇ. ಕಿವಿಗೆ ಎಲ್ಲಕ್ಕಿಂತ ಕಷ್ಟದ ಜಾಗವೂ ಅದೇ. ಖಾಲಿ ನೀರಿನ ಬಾಟಲಿಗೆ ಮುಚ್ಚಳ ಬಿಗಿ ಮಾಡಿ ಹತ್ತು ಮೀಟರಿಗೆ ಒಯ್ದರೆ ನಜ್ಜುಗುಜ್ಜಾಗುತ್ತದೆ. ಅಲ್ಲಿ ಸಿಲಿಂಡರಿನ ಗಾಳಿ ತುಂಬಿಸಿ ಮೇಲೆ ತಂದರೆ ಒಡೆಯುವ ಹಾಗೆ ಉಬ್ಬುತ್ತದೆ. ನಮ್ಮ ಶ್ವಾಸಕೋಶಕ್ಕೂ ಇದೇ ಲೆಕ್ಕ. ಗಾಬರಿ ಬಿದ್ದವನು ಉಸಿರು ಕಟ್ಟಿ ಮೇಲಕ್ಕೆ ನುಗ್ಗಿದರೆ ಎರಡಾಳು ನೀರಿನಲ್ಲೂ ಅನಾಹುತ ಆಗಬಹುದು. ‘ಉಸಿರು ಹಿಡಿಯಬೇಡಿ’ ಅಂತ ಬಾಯಲ್ಲಿ ಹೇಳಿದರೆ ಸಾಲದು. ನೀರಿಗೆ ಬಿದ್ದವನು ಉಸಿರು ಹಿಡಿಯುವುದು ಹುಟ್ಟಿನಿಂದ ಬಂದ ಅಭ್ಯಾಸ. ಅದು ಬಿಡಬೇಕಾದರೆ ಸೊಂಟದ ಮಟ್ಟದ ನೀರಲ್ಲಿ ಕೂತು, ತಲೆ ಮುಳುಗಿಸಿ, ಹತ್ತು ಹದಿನೈದು ನಿಮಿಷ ಸುಮ್ನೆ ಉಸಿರಾಡಬೇಕು.

ಮುರ್ಡೇಶ್ವರದ ದಡದಲ್ಲಿ ಅದು ಆಗುವುದಿಲ್ಲ, ಗೊತ್ತು. ಅಲೆ ಜಾಸ್ತಿ, ನೀರು ಮರಳಿನದು. ನೇತ್ರಾಣಿಯಲ್ಲಿ ಕಾಲೂರಿ ನಿಲ್ಲುವಷ್ಟು ಕಡಿಮೆ ಆಳದ ಜಾಗವೇ ಇಲ್ಲ. ಹ್ಯಾವ್ಲಾಕ್‌ನಲ್ಲಿ ನಿಮೊ ರೀಫ್ ಅಂತ ಒಂದು ಜಾಗ ಇದೆ. ದಡದಿಂದ ನಡೆದೇ ಇಳಿಯಬಹುದು. ಎದೆಮಟ್ಟದ ನೀರಲ್ಲಿ ನಿಂತು ಕಲಿತು, ಆಮೇಲೆ ಹವಳದ ಕಡೆ ಹೋಗುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಹಾಗಾಗಿ ಈಜುಕೊಳ ಬೇಕು. ಈಜುಕೊಳ ಇರುವ ಹೋಟೆಲುಗಳ ಜೊತೆ ಹಿಂದಿನ ಸಂಜೆಗೆ ಒಂದು ಗಂಟೆ ಮಾತಾಡಿಕೊಳ್ಳಬಹುದು. ಡೈವಿಂಗಿಗೆ ಬರುವವರು ಹೆಚ್ಚಿನವರು ದೂರದ ಊರಿನವರು, ಒಂದು ರಾತ್ರಿ ಹೇಗೂ ಉಳಿಯುತ್ತಾರೆ. ಅಥವಾ ಇಲಾಖೆಯೇ ಒಂದು ಚಿಕ್ಕ ಕೊಳ ಕಟ್ಟಿಸಲಿ. ನಾಲ್ಕಡಿ ನೀರು ಸಾಕು. ಅಲ್ಲಿ ಕಿವಿ ಸರಿ ಮಾಡಿಕೊಳ್ಳಲು ಬರದವರು, ಮಾಸ್ಕಿಗೆ ನೀರು ಬಂದರೆ ಚೀರಾಡುವವರು ಅಲ್ಲೇ ಗೊತ್ತಾಗುತ್ತಾರೆ. ಅವರಿಗೆ ಇನ್ನರ್ಧ ಗಂಟೆ ಜಾಸ್ತಿ ಕೊಡಿ, ಇಲ್ಲವೇ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಕೊಟ್ಟು ಮೇಲಿನಿಂದಲೇ ಮೀನು ತೋರಿಸಿ. ಅದೇನು ಕಮ್ಮಿ ಖುಷಿಯಲ್ಲ.

ನಿಯಮ ಹೊಸದಾಗಿ ಬರೆಯಬೇಕಾಗಿಯೂ ಇಲ್ಲ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರತಂದಿದೆ, ಅದರಲ್ಲಿ ಸ್ಕೂಬಾ ಕೂಡ ಇದೆ. ಮೊದಲ ಸಲ ಇಳಿಯುವವರ ಬಗ್ಗೆಯೇ ಐಎಸ್ಒ 11121 ಅಂತ ಅಂತಾರಾಷ್ಟ್ರೀಯ ಮಾನದಂಡ ಇದೆ. ಡೈವಿಂಗ್ ಕಲಿಸುವ ದೊಡ್ಡ ಸಂಸ್ಥೆಗಳು ಹೊಸಬರನ್ನು 12 ಮೀಟರಿಗಿಂತ ಕೆಳಗೆ ಒಯ್ಯಬೇಡಿ ಅನ್ನುತ್ತವೆ. ವೈದ್ಯಕೀಯ ಫಾರ್ಮ್ ಕೂಡ ಈಗ ಹತ್ತು ಮುಖ್ಯ ಪ್ರಶ್ನೆಗೆ ಇಳಿದಿದೆ, ಅದನ್ನು ಕನ್ನಡಕ್ಕೆ ತರುವುದು ಒಂದು ಮಧ್ಯಾಹ್ನದ ಕೆಲಸ. ಬೇಕಾದರೆ ನಾನೇ ಬರೆದುಕೊಡುತ್ತೇನೆ, ಬಿಟ್ಟಿ. ಕೊರತೆ ಇರುವುದು ದೋಣಿಯ ಮೇಲೆ. ಅಲ್ಲಿ ಯಾರು ಎಣಿಸುತ್ತಾರೆ, ಒಬ್ಬ ಗೈಡ್ ಎಷ್ಟು ಜನರನ್ನು ಇಳಿಸಿದ, ದಿನಕ್ಕೆ ಎಷ್ಟು ಸಲ ಇಳಿದ ಅಂತ? ನೇತ್ರಾಣಿಯ ನೀರಿನ ಸೆಳೆತಕ್ಕೆ ಒಬ್ಬನಿಗೆ ಒಬ್ಬ ಗೈಡ್ ಅಂತಲೇ ಇರಬೇಕು. ಗೈಡ್ ಹುಡುಗರಿಗೂ ದಿನಕ್ಕೆ ಇಷ್ಟೇ ಸಲ ಅಂತ ಮಿತಿ ಬೇಕು. ಏರಿ ಇಳಿದು ಏರಿ ಇಳಿದು ಮೈಗೆ ಏನಾಗುತ್ತದೆ ಅಂತ ಆ ಹುಡುಗರನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು, ಒಂದೇ ಡೈವ್ ಆದರೂ 12 ಗಂಟೆ ಕಾಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಘಟ್ಟದ ಮಾತು ಯಾರೂ ಎತ್ತುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಡೈವ್‌ನಲ್ಲಿ ಮೈಗೆ ಸೇರಿದ ಸಾರಜನಕ ಗುಳ್ಳೆಯಾಗಬಹುದು, ಅದಕ್ಕೇ ಈ ಎಚ್ಚರ. ಎತ್ತರಕ್ಕೆ ಹೋಗುವುದು ಅಂದರೆ ವಿಮಾನವೇ ಆಗಬೇಕಿಲ್ಲ. ಬೆಂಗಳೂರಿನವರು ಮಧ್ಯಾಹ್ನ ಡೈವ್ ಮುಗಿಸಿ, ಊಟ ಮಾಡಿ, ಸಂಜೆಗೆ ಗೇರುಸೊಪ್ಪೆ ಘಟ್ಟ ಹತ್ತುತ್ತಾರೆ. ಬೆಂಗಳೂರು 900 ಮೀಟರಿಗೂ ಮೇಲಿದೆ. ಕಡಿಮೆ ಆಳದ ಒಂದು ಸಣ್ಣ ಡೈವಿಗೆ ಅಪಾಯ ತೀರಾ ಕಡಿಮೆಯೇ, ಹೆದರಿಸಲು ಹೇಳುತ್ತಿಲ್ಲ. ಆದರೂ ‘ಇವತ್ತು ರಾತ್ರಿ ಇಲ್ಲೇ ಉಳಿಯಿರಿ’ ಅಂದರೆ ಮುರ್ಡೇಶ್ವರದ ಲಾಡ್ಜಿನವರಿಗೂ ಲಾಭ ಅಲ್ವಾ?

ಇನ್ನು ಹವಳದ ವಿಷಯ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಅದು ಬೇರೆಯೇ ಕಥೆ, ಅದಕ್ಕೆ ಬೇರೆಯೇ ಪತ್ರ ಬೇಕು. ಇಲ್ಲಿ ಲಂಗರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಾನು ಏಳು ಮೀಟರಿನಲ್ಲಿದ್ದಾಗ ಸ್ವಲ್ಪ ದೂರದಲ್ಲಿ ಒಂದು ಲಂಗರು ಬಂದು ಬಿತ್ತು. ನೀರಲ್ಲಿ ಸದ್ದು ಎಲ್ಲ ಕಡೆಯಿಂದ ಬಂದ ಹಾಗೆ ಕೇಳುತ್ತದೆ, ಹಾಗಾಗಿ ಮೊದಲು ತಲೆಯೊಳಗೇ ಬಡಿದ ಹಾಗಾಯಿತು. ತಿರುಗಿ ನೋಡಿದರೆ ಬೆಳ್ಳಗಿನ ಧೂಳು ಎದ್ದಿತ್ತು. ಲಂಗರು ಒಂದು ಕಡೆ ಸುಮ್ಮನೆ ಕೂರುವುದಿಲ್ಲ. ಅಲೆ ಬಂದಾಗಲೆಲ್ಲ ಹಗ್ಗ ಬಿಗಿಯಾಗುತ್ತದೆ, ಒಂದು ಗೇಣು ಎಳೆಯುತ್ತದೆ, ಸಡಿಲ ಬಿಡುತ್ತದೆ. ಮತ್ತೆ ಒಂದು ಗೇಣು. ಧೂಳು ಇಳಿದ ಮೇಲೆ ಹತ್ತಿರ ಹೋಗಿ ನೋಡಿದೆ. ಕುಂಬಳಕಾಯಿಯಷ್ಟು ದೊಡ್ಡ ಹವಳದ ಗುಂಡು, ನಡುವೆ ಸೀಳಿತ್ತು. ಒಳಗೆ ಸುಣ್ಣದ ಹಾಗೆ ಬಿಳಿ. ಒಂದು ಚಿಕ್ಕ ಮೀನು ಬಂದು ಸೀಳಿನಲ್ಲಿ ಇಣುಕಿ ಹೋಯಿತು. ಈ ಜಾತಿಯ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ನನ್ನ ಮಗಳು ಹುಟ್ಟುವ ಮೊದಲೇ ಅಲ್ಲಿ ಕೂತಿದ್ದಿರಬೇಕು ಅದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ಅನ್ವಯಿಸುತ್ತದೆ. ಒಂದು ತುಂಡು ಮುರಿದು ಚೀಲಕ್ಕೆ ಹಾಕಿಕೊಂಡರೆ ಕೇಸು. ಲಂಗರು ಹಾಕಿ ಮುರಿದರೆ? ದೋಣಿಯವರನ್ನು ಬೈದು ಏನು ಬಂತು, ಕಟ್ಟಿಕೊಳ್ಳಲು ಬೇರೆ ಏನೂ ಇಲ್ಲದಾಗ ಅವರು ಲಂಗರು ಹಾಕದೆ ಏನು ಮಾಡಬೇಕು?

ಇದಕ್ಕೆ ಉಪಾಯ ನಲವತ್ತು ವರ್ಷದ ಹಿಂದೆಯೇ ಸಿಕ್ಕಿದೆ. ಅಮೆರಿಕದ ಫ್ಲಾರಿಡಾದ ಕೀ ಲಾರ್ಗೊದಲ್ಲಿ ಜಾನ್ ಹಾಲಾಸ್ ಎನ್ನುವವರು 1981ರಲ್ಲಿ ಶುರು ಮಾಡಿದ ವಿಧಾನ. ತಳದ ಬಂಡೆಗೆ, ಹವಳ ಇಲ್ಲದ ಕಡೆ ನೋಡಿ, ತೂತು ಕೊರೆದು ಸ್ಟೀಲ್ ಸರಳು ಕೂರಿಸಿ ಸಿಮೆಂಟ್ ತುಂಬುವುದು. ಅದಕ್ಕೆ ತೇಲುವ ಹಗ್ಗ, ಹಗ್ಗದ ತುದಿಗೆ ತೇಲುಗುಂಡು. ದೋಣಿ ಬಂದು ಅದಕ್ಕೆ ಕಟ್ಟಿಕೊಳ್ಳುತ್ತದೆ, ಲಂಗರು ದೋಣಿಯಲ್ಲೇ ಇರುತ್ತದೆ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪ 1979ರಿಂದ ತನ್ನ ಸುತ್ತಲಿನ ಸಮುದ್ರವನ್ನೇ ಉದ್ಯಾನ ಮಾಡಿಕೊಂಡಿದೆ. ಅಲ್ಲಿ ಹವಳದ ಮೇಲೆ ಲಂಗರು ಹಾಕುವ ಹಾಗೇ ಇಲ್ಲ. ಡೈವ್ ಮಾಡುವವರು ಕೊಡುವ ಶುಲ್ಕದಲ್ಲಿ ಬೋಯ್‌ಗಳ ದುರಸ್ತಿ ನಡೆಯುತ್ತದೆ. ನುರಿತವರಾದರೂ ಸರಿ, ಹೋದ ಕೂಡಲೇ ಮೊದಲು ದಡದ ಹತ್ತಿರ ಒಂದು ಪರೀಕ್ಷೆಯ ಡೈವ್ ಮಾಡಿ ತೋರಿಸಬೇಕು. ಆಮೇಲೆ ಮುಂದಿನ ಮಾತು.

ನಮ್ಮಲ್ಲಿ ಬೋಯ್ ಎಲ್ಲಿ ಹಾಕಬೇಕು ಅಂತ ತಜ್ಞರನ್ನು ಕರೆಸಿ, ಖಂಡಿತ. ಆದರೆ ಮೊದಲು ಮುರ್ಡೇಶ್ವರದ ಮೀನುಗಾರರನ್ನು ಕೂರಿಸಿಕೊಂಡು ಕೇಳಿ. ದ್ವೀಪದ ಯಾವ ಮೂಲೆಯಲ್ಲಿ ಯಾವ ತಿಂಗಳು ಸೆಳೆತ ಯಾವ ಕಡೆಗೆ, ಉಬ್ಬರ ತಿರುಗುವ ಹೊತ್ತಿಗೆ ಎಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಬೋಯ್ ನೋಡಿಕೊಳ್ಳುವ ಕೆಲಸವನ್ನೂ ಅವರ ಸಂಘಕ್ಕೇ ಕೊಡಿ, ದುಡ್ಡು ಕೊಟ್ಟು. ಮಳೆಗಾಲಕ್ಕೆ ತೇಲುಗುಂಡು ಬಿಚ್ಚಿ ತರಬೇಕಾಗುತ್ತದೆ, ಇಲ್ಲವಾದರೆ ಜೂನಿನ ಸಮುದ್ರ ಅದನ್ನು ಉಳಿಸುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಹಗ್ಗ ಬದಲಿಸುವ, ಗುಂಡು ಒರೆಸಿ ಬಣ್ಣ ಬಳಿಯುವ ಕೆಲಸ ಆಗ ಮಾಡಬಹುದು.

ಈ ಎರಡು ಬೇಡಿಕೆಯೂ ಒಂದೇ ಅಂತ ನನಗೆ ಅನ್ನಿಸುವುದು ಯಾಕೆ ಗೊತ್ತಾ? ಈಜುಕೊಳದಲ್ಲಿ ಒಂದು ಗಂಟೆ ಕಳೆದವನು ನೀರಲ್ಲಿ ಅಡ್ಡ ಮಲಗಿ ತೇಲುವುದು ಕಲಿಯುತ್ತಾನೆ. ಕಲಿಯದವನು ಸೈಕಲ್ ತುಳಿದ ಹಾಗೆ ಕಾಲು ಬಡಿಯುತ್ತಾನೆ. ಅವನ ಕಾಲಿನ ಫಿನ್ಸ್ ಹವಳಕ್ಕೆ ಬಡಿಯುತ್ತದೆ. ಹೆದರಿದವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಫೋಟೋಗೆ ಅಂತ ಅವನನ್ನು ಬಂಡೆಯ ಮೇಲೆ ಮಂಡಿಯೂರಿ ಕೂರಿಸುತ್ತಾರೆ, ಬಂಡೆ ಅಂದುಕೊಂಡದ್ದು ಜೀವ ಇರುವ ಹವಳ ಆಗಿರುತ್ತದೆ. ಮಂಡಿಗೂ ಗಾಯ, ಹವಳಕ್ಕೂ ಗಾಯ. ಮಂಡಿಯದು ವಾರದಲ್ಲಿ ಮಾಯುತ್ತದೆ.

ಸಮುದ್ರ ಬಿಸಿಯಾಗುವುದನ್ನು ಭಟ್ಕಳದಲ್ಲಿ ಕೂತು ನಿಲ್ಲಿಸಲಾಗದು. 2024ರ ಏಪ್ರಿಲ್‌ನಲ್ಲಿ ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಜಗತ್ತಿನಾದ್ಯಂತ ಹವಳ ಬಿಳಿಚುವ ನಾಲ್ಕನೇ ಸುತ್ತು ನಡೆಯುತ್ತಿದೆ ಅಂತ ಹೇಳಿತು. ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಕಾವು ವಾರಗಟ್ಟಲೆ ನಿಂತರೂ ಸಾಕು, ಹವಳ ತನಗೆ ಅನ್ನ ಹಾಕುವ ಪಾಚಿಯನ್ನು ಹೊರಗೆ ದಬ್ಬಿ ಬೆಳ್ಳಗಾಗುತ್ತದೆ. ಮತ್ತೆ ತಂಪಾದರೆ ಸುಧಾರಿಸಿಕೊಳ್ಳಲೂಬಹುದು. ಜ್ವರ ಬಂದವನನ್ನು ಆ ಹೊತ್ತಿಗೆ ತುಳಿಯದಿದ್ದರೆ ಸಾಕು.

ಅಕ್ಟೋಬರಿಗೆ ಸೀಸನ್ ಶುರು. ಬೋಯ್ ಹಾಕಲು ತಿಳಿನೀರು ಬೇಕು, ಹಾಗಾಗಿ ಆ ಕೆಲಸಕ್ಕೆ ಡಿಸೆಂಬರ್ ಆದೀತು. ಕನ್ನಡದ ಫಾರ್ಮಿಗೆ, ಗೈಡುಗಳ ಲೆಕ್ಕಕ್ಕೆ, ಈಜುಕೊಳದ ಏರ್ಪಾಡಿಗೆ, ಹೆಬ್ಬೆರಳಿನ ವಿಷಯಕ್ಕೆ ಯಾವ ನೀರೂ ತಿಳಿಯಾಗಬೇಕಿಲ್ಲ. ತುರ್ತಾದರೆ ಯಾವ ಆಸ್ಪತ್ರೆ, ಯಾವ ನಂಬರು ಅನ್ನುವುದನ್ನು ಪ್ರತಿ ದೋಣಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಬರೆಸುವುದನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ.

ತಂಗಿಯ ಮಗ ಮೊನ್ನೆ ಹಬ್ಬಕ್ಕೆ ಮನೆಗೆ ಬಂದಿದ್ದ. ಕಿವಿ ಪೂರಾ ವಾಸಿಯಾಗಿದೆ, ಡಾಕ್ಟರು ಇನ್ನು ಇಳಿಯಬಹುದು ಅಂದಿದ್ದಾರಂತೆ. “ಈ ಸಲ ನೀನೂ ಬಾ ದೊಡ್ಡಮ್ಮ” ಅಂದ. ಬರುತ್ತೇನೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಮೇಲೆ ಬರಬೇಕು ಅನ್ನಿಸಿದರೆ ಈ ಸಲ ಏನು ಮಾಡಲಿ?”

ಇತಿ,
ಶಿರಸಿಯ ಒಬ್ಬ ವಿಜ್ಞಾನ ಶಿಕ್ಷಕಿ